ಕ್ಷಯ ರಕ್ತದಲ್ಲಿ ಬರುವುದೆ?

ಅರಸೀಕೆರೆಯ ಜಂಕ್ಷನ್ನಿನಲ್ಲಿ ಹಾಸನದ ಗಾಡಿಗಾಗಿ ಕಾದು ಕುಳಿತವರಿಗೆ ಮಾತಿಗೆ ಬರವಿರುವುದಿಲ್ಲ. ಹುಬ್ಬಳ್ಳಿಯ ಕಡೆಯಿಂದ ಬಂದವರು, ಬೆಂಗಳೂರಿನಿಂದ ಬಂದವರು, ಮೈಸೂರಿನ ದಾರಿ ಹಿಡಿಯುವವರು, ಎಲ್ಲರೂ ಅಲ್ಲಿ ಒಂದು ಗಳಿಗೆ ಇಳಿದು ಹತ್ತುವವರೇ. ಕೆಲವು ತಿಂಗಳ ಹಿಂದೆ ನನ್ನ ಪಕ್ಕದಲ್ಲಿ ಬಂದು ಕುಳಿತವರು ಆ ಸೀಮೆಯವರೇ ಆದ ಒಬ್ಬ ತೆಂಗಿನ ತೋಟದ ಯಜಮಾನರು. ಕೈಯಲ್ಲೊಂದು ಚೀಲ, ಚೀಲದಲ್ಲಿ ನಾಲ್ಕು ಎಳನೀರು, ಒಂದು ಡಬ್ಬಿ ಕೊಬ್ಬರಿ ಮಿಠಾಯಿ. ಹಾಸನದಲ್ಲಿ ಇಳಿದು ಬಸ್ಸು ಹಿಡಿದು ಬೇಲೂರಿಗೆ ಹೋಗುವವರಿದ್ದರು. ಮಗಳಿಗೆ ಅಲ್ಲಿ ಒಂದು ಸಂಬಂಧ ಕೂಡಿಬಂದಿತ್ತು. ಈಗ ಅದು ಅಲುಗಾಡುತ್ತಿತ್ತು.

“ಹುಡುಗಿಗೆ ಏನೂ ಇಲ್ಲ ಸ್ವಾಮಿ. ಅವರಣ್ಣನಿಗೆ ಕ್ಷಯ ಬಂದಿತ್ತು. ಆರು ತಿಂಗಳು ಮಾತ್ರೆ ನುಂಗಿದ, ವಾಸಿ ಆಯ್ತು. ಈಗ ತೋಟದಾಗೆ ಗೇಯ್ತಾ ಅವ್ನೆ. ಆದ್ರೂ ಬೇಲೂರಿನೋರು ಹಿಂದೇಟು ಹಾಕ್ತಾವ್ರೆ. ಅದು ಆ ಮನೆ ರಕ್ತದಲ್ಲೇ ಐತೆ ಅಂತ ಯಾರೋ ಕಿವಿ ಚುಚ್ಚವ್ರೆ. ನೀವು ಓದಿದೋರು, ಹೇಳಿ. ರಕ್ತದಲ್ಲಿ ಬರೋದಾ ಅದು?”

“ಇಲ್ಲ ಯಜಮಾನರೇ, ಅದು ಕ್ರಿಮಿಯಿಂದ ಬರುವುದು” ಎಂದೆ. ಅವರ ಮುಖ ಅರಳಿತು. ಆದರೆ ಮರುಗಳಿಗೆಯಲ್ಲೇ ಅವರು ಇನ್ನೊಂದು ಪ್ರಶ್ನೆ ಹಾಕಿದರು: “ಹಂಗಾದ್ರೆ ನಾವು ಐದು ಜನ ಒಂದೇ ಸೂರಿನ ಅಡಿ ಇದ್ದೋರು. ಒಂದೇ ತಟ್ಟೆ ಒಂದೇ ಚೊಂಬು. ಅವನಿಗೊಬ್ಬನಿಗೇ ಯಾಕೆ ಬಂತು?”

ಈ ಎರಡನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಗಾಡಿಯಲ್ಲಿ ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಬಿಟ್ಟುಹೋದುದನ್ನು ಇಲ್ಲಿ ತುಂಬಿಕೊಡಲು ಯತ್ನಿಸುತ್ತೇನೆ.

ಈ ರೋಗಕ್ಕೆ ನಮ್ಮವರು ಇಟ್ಟ ಹಳೆಯ ಹೆಸರು ರಾಜಯಕ್ಷ್ಮ. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರ ರೋಹಿಣಿಯೊಬ್ಬಳನ್ನೇ ಹಚ್ಚಿಕೊಂಡನೆಂದೂ, ಮಾವನ ಶಾಪದಿಂದ ದಿನದಿನಕ್ಕೆ ಕ್ಷಯಿಸಿದನೆಂದೂ, ಕೊನೆಗೆ ಅಶ್ವಿನೀ ದೇವತೆಗಳು ಅವನನ್ನು ಉಳಿಸಿದರೆಂದೂ ಕಥೆ. ಗಮನಿಸಬೇಕಾದ ಸಂಗತಿಯೆಂದರೆ, ಕಥೆಯಲ್ಲಿ ರೋಗ ಶಾಪದಿಂದ ಬಂತೇ ಹೊರತು ತಂದೆತಾಯಿಗಳಿಂದಲ್ಲ. ಆದರೂ ಲೋಕದ ನಂಬಿಕೆ ಬೇರೆ ದಾರಿ ಹಿಡಿಯಿತು. ಒಂದೇ ಮನೆಯಲ್ಲಿ ಅಜ್ಜ, ಅಪ್ಪ, ಮಗ ಒಬ್ಬರ ಹಿಂದೆ ಒಬ್ಬರು ಕೆಮ್ಮಿ ಸತ್ತುದನ್ನು ಕಂಡವರು “ವಂಶದ ರೋಗ” ಎನ್ನದೆ ಇನ್ನೇನೆಂದಾರು? ಯೂರೋಪಿನವರೂ ಬಹುಕಾಲ ಹೀಗೆಯೇ ನಂಬಿದ್ದರು. ನಮ್ಮ ಅರಮನೆಯೂ ಈ ದುಃಖದಿಂದ ಹೊರತಾಗಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ತುತ್ತಾದರು. ಆ ತಾಯಿಮಕ್ಕಳ ನೆನಪಿಗಾಗಿ ಕಟ್ಟಿಸಿದುದೇ ಮೈಸೂರಿನ ಕ್ಷಯರೋಗ ಚಿಕಿತ್ಸಾಲಯ. ತಾಯಿಗೂ ಮಕ್ಕಳಿಗೂ ಒಂದೇ ರೋಗ. ಅದು ಒಂದೇ ರಕ್ತದ ಫಲವೋ, ಒಂದೇ ಕೋಣೆಯ ಗಾಳಿಯ ಫಲವೋ? ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತದೆ. ಇಡೀ ತೊಡಕು ಇರುವುದು ಇಲ್ಲಿಯೇ.

1882ನೆಯ ಇಸವಿ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಲೋಕಕ್ಕೆ ತೋರಿಸಿದಾಗ ಈ ವಾದ ಮುಗಿಯಿತೆಂದು ಎಲ್ಲರೂ ತಿಳಿದರು. ಕ್ರಿಮಿಯಿಲ್ಲದೆ ಕ್ಷಯವಿಲ್ಲ. ಕೆಮ್ಮಿದಾಗ ಹಾರುವ ಹನಿಗಳಲ್ಲಿ ಕುಳಿತು ಅದು ಒಬ್ಬರ ಶ್ವಾಸಕೋಶದಿಂದ ಇನ್ನೊಬ್ಬರ ಶ್ವಾಸಕೋಶಕ್ಕೆ ಹೋಗುತ್ತದೆ. ತಟ್ಟೆಯಿಂದಲ್ಲ, ಚೊಂಬಿನಿಂದಲ್ಲ, ಗಾಳಿಯಿಂದ. ಇದು ಇಂದಿಗೂ ಅಲ್ಲಾಡದ ಸತ್ಯ. ಯಜಮಾನರಿಗೆ ನಾನು ಹೇಳಿದ ಮೊದಲನೆಯ ಮಾತು ಇದೇ.

ಆದರೆ ಕ್ರಿಮಿ ಹೊಕ್ಕವರೆಲ್ಲ ರೋಗಿಗಳಾಗುವುದಿಲ್ಲ. ಇದನ್ನು ತಿಳಿಯಲು ಬರ್ಲಿನ್ನಿಗೆ ಹೋಗಬೇಕಾಗಿಲ್ಲ, ಅರಸೀಕೆರೆಯ ನೆರೆಯ ತುಮಕೂರು ಜಿಲ್ಲೆ ಸಾಕು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಹುಟ್ಟಿದ ಹೊಸತರಲ್ಲೇ ಕೈಗೊಂಡ ಸಮೀಕ್ಷೆ ಆ ಜಿಲ್ಲೆಯದು. ಹಳ್ಳಿಹಳ್ಳಿಗೂ ಹೋಗಿ ತೋಳಿಗೆ ಸೂಜಿ ಚುಚ್ಚಿ, ಎದೆಯ ಚಿತ್ರ ತೆಗೆದು, ಕಫ ಪರೀಕ್ಷಿಸಿ ಲೆಕ್ಕಹಾಕಿದರು. ನೂರು ಜನರಲ್ಲಿ ಸುಮಾರು 38 ಜನರ ಮೈಯನ್ನು ಕ್ರಿಮಿ ಹೊಕ್ಕಿತ್ತು. ಕಫದಲ್ಲಿ ಕ್ರಿಮಿ ಕಂಡ ರೋಗಿಗಳಾದರೋ ಸಾವಿರಕ್ಕೆ ಸುಮಾರು ನಾಲ್ವರು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಮನೆಯೊಳಗೆ ನುಗ್ಗಿದ ಕಳ್ಳನನ್ನು ಹೆಚ್ಚಿನ ಮನೆಗಳವರು ಮೂಲೆಯಲ್ಲಿ ಕಟ್ಟಿಹಾಕಿಕೊಂಡೇ ಬಾಳುತ್ತಿದ್ದಾರೆಂದು ಅರ್ಥವಾಗುತ್ತದೆ. ಪ್ರಪಂಚದ ಲೆಕ್ಕವೂ ಇದನ್ನೇ ಹೇಳುತ್ತದೆ. ಜಗತ್ತಿನ ಜನರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲಿಗೆ ಸೋಂಕು ತಗುಲಿದೆ. ಅವರ ಪೈಕಿ ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗಿಗಳಾಗುವರು.

ಇದೇ ಸಂಸ್ಥೆಯವರು ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು 1961ರಿಂದ ಮೊದಲುಗೊಂಡು ಐದು ವರ್ಷ ಬೆನ್ನುಹತ್ತಿ ನೋಡಿದರು. ಅದರ ಫಲಿತಾಂಶವನ್ನು ಓದುವಾಗ ಇಂದಿಗೂ ಮನಸ್ಸು ಭಾರವಾಗುತ್ತದೆ. ಹಳ್ಳಿಗಾಡಿಗೆ ಔಷಧೋಪಚಾರ ಇನ್ನೂ ಸರಿಯಾಗಿ ಮುಟ್ಟದಿದ್ದ ಆ ಕಾಲದಲ್ಲಿ, ಕಫದಲ್ಲಿ ಕ್ರಿಮಿಯಿದ್ದ ರೋಗಿಗಳ ಪೈಕಿ ಐದು ವರ್ಷ ಕಳೆಯುವುದರೊಳಗೆ ನೂರಕ್ಕೆ 49 ಮಂದಿ ತೀರಿಕೊಂಡಿದ್ದರು. 18 ಮಂದಿ ರೋಗಿಗಳಾಗಿಯೇ ಉಳಿದಿದ್ದರು. ಮಿಕ್ಕವರು, ಎಂದರೆ ಮೂವರಲ್ಲಿ ಒಬ್ಬರು, ತಾವಾಗಿಯೇ ಗುಣ ಹೊಂದಿದ್ದರು! ಒಂದೇ ನೆಲ, ಒಂದೇ ರಾಗಿ ಮುದ್ದೆ, ಒಂದೇ ರೋಗ. ಒಬ್ಬ ಸತ್ತ, ಒಬ್ಬ ನರಳಿದ, ಒಬ್ಬ ಎದ್ದು ಹೊಲಕ್ಕೆ ಹೋದ. ಏಕೆ?

“ಕ್ರಿಮಿಯ ಪ್ರಮಾಣದಲ್ಲಿ ವ್ಯತ್ಯಾಸವಿದ್ದೀತು” ಎಂದು ಓದುಗರು ಹೇಳಬಹುದು. ಅದು ನಿಜವೇ. 1930ರಲ್ಲಿ ಜರ್ಮನಿಯ ಲ್ಯೂಬೆಕ್ ಪಟ್ಟಣದಲ್ಲಿ ಸುಮಾರು 250 ಹಸುಗೂಸುಗಳಿಗೆ ಕೊಟ್ಟ ಬಿ.ಸಿ.ಜಿ. ಲಸಿಕೆಯಲ್ಲಿ ಕೈತಪ್ಪಿನಿಂದ ಜೀವಂತ ಕ್ಷಯಕ್ರಿಮಿ ಬೆರೆತುಹೋಗಿತ್ತು. 70ಕ್ಕೂ ಹೆಚ್ಚು ಮಕ್ಕಳು ಸತ್ತುವು. ಆದರೆ ಬಾಯಲ್ಲಿ ನೇರವಾಗಿ ವಿಷವನ್ನೇ ಹಾಕಿದಂತಾದರೂ ಹೆಚ್ಚಿನ ಮಕ್ಕಳು ಬದುಕಿದುವು. ಕೆಲವು ಮಕ್ಕಳು ಕಾಯಿಲೆಯನ್ನೇ ಬೀಳಲಿಲ್ಲ. ಒಂದೊಂದು ಮಗುವಿಗೆ ಸಿಕ್ಕ ಕ್ರಿಮಿಯ ಪ್ರಮಾಣ ಒಂದೇ ಆಗಿರಲಿಲ್ಲವಾದ್ದರಿಂದ ಇದನ್ನು ಪೂರ್ಣ ಸಾಕ್ಷ್ಯವೆಂದು ಹಿಡಿಯಲಾಗದು. ಆದರೂ ಮೈಗೆ ಮೈಗೆ ವ್ಯತ್ಯಾಸವುಂಟೆಂಬ ಸಂದೇಹ ಬಲವಾಯಿತು.

ಇಂಥ ಸಂದೇಹವನ್ನು ಬಗೆಹರಿಸಲು ಅವಳಿ ಮಕ್ಕಳಿಗಿಂತ ಒಳ್ಳೆಯ ಸಾಕ್ಷಿಗಳಿಲ್ಲ. ಅವಳಿಗಳಲ್ಲಿ ಎರಡು ಬಗೆ. ಒಂದೇ ಅಂಡ ಇಬ್ಭಾಗವಾಗಿ ಹುಟ್ಟಿದವರು ಒಂದೇ ಅಚ್ಚಿನವರು; ಎರಡು ಅಂಡಗಳಿಂದ ಹುಟ್ಟಿದವರು ಬರಿಯ ಅಣ್ಣತಮ್ಮಂದಿರಷ್ಟೇ ಹೋಲುವವರು. ಎರಡು ಬಗೆಯವರೂ ಬೆಳೆಯುವುದು ಒಂದೇ ಮನೆಯಲ್ಲಿ. ರೋಗಕ್ಕೆ ಮನೆಯ ಗಾಳಿಯೊಂದೇ ಕಾರಣವಾಗಿದ್ದರೆ ಎರಡು ಬಗೆಯ ಅವಳಿಗಳಲ್ಲೂ ಒಂದೇ ಲೆಕ್ಕ ಬರಬೇಕಷ್ಟೆ? ಬ್ರಿಟನ್ನಿನಲ್ಲಿ ಕೂಡಿಸಿದ್ದ ಮಾಹಿತಿಯನ್ನು ಅಮೆರಿಕದ ಜಾರ್ಜ್ ಕಾಮ್‌ಸ್ಟಾಕ್ 1978ರಲ್ಲಿ ಮತ್ತೆ ಜರಡಿ ಹಿಡಿದರು. ಒಬ್ಬರಿಗೆ ಕ್ಷಯ ಬಂದಿದ್ದರೆ ಇನ್ನೊಬ್ಬರಿಗೂ ಬಂದದ್ದು, ಒಂದೇ ಅಚ್ಚಿನ ಅವಳಿಗಳಲ್ಲಿ ನೂರಕ್ಕೆ ಸುಮಾರು 31. ಇತರ ಅವಳಿಗಳಲ್ಲಿ ಸುಮಾರು 15. ಎಂದರೆ ಎರಡರಷ್ಟು. ಹುಟ್ಟಿನಿಂದ ಬಂದುದಕ್ಕೂ ಒಂದು ಪಾತ್ರವುಂಟೆಂಬುದು ಖಚಿತವಾಯಿತು. ಆದರೆ ಈ ಲೆಕ್ಕದ ಬೆನ್ನಿನ ಭಾಗವನ್ನೂ ನೋಡಬೇಕು. ಅಚ್ಚೊತ್ತಿದಂತಿರುವ ಆ ಅವಳಿಗಳಲ್ಲಿಯೂ ನೂರರಲ್ಲಿ 69 ಜೋಡಿಗಳಲ್ಲಿ ಒಬ್ಬರು ರೋಗದಿಂದ ಪಾರಾಗಿದ್ದರು. ರಕ್ತವೇ ವಿಧಿಯಾಗಿದ್ದರೆ ಹೀಗಾಗುತ್ತಿರಲಿಲ್ಲ.

ಪ್ರಾಣಿಗಳ ಸಾಕ್ಷ್ಯವೂ ಇದೆ. ಫಿಲಡೆಲ್ಫಿಯಾದಲ್ಲಿ ಮ್ಯಾಕ್ಸ್ ಲೂರಿ ಎಂಬುವರು ಮೊಲಗಳನ್ನು ಒಳಸಂಬಂಧದಲ್ಲಿ ತಲೆಮಾರುಗಟ್ಟಲೆ ಬೆಳೆಸಿ, ಕ್ಷಯಕ್ಕೆ ಬೇಗ ಬಾಗುವ ಮನೆತನಗಳನ್ನೂ ತಡೆದು ನಿಲ್ಲುವ ಮನೆತನಗಳನ್ನೂ ಬೇರೆ ಬೇರೆ ಮಾಡಿ ತೋರಿಸಿದರು. ಅರಸೀಕೆರೆಯ ಬಯಲಿನ ರೈತರಿಗೆ ಮೊಲಕ್ಕಿಂತ ದನ ಹತ್ತಿರ. ದನಗಳಿಗೂ ಕ್ಷಯ ಬರುತ್ತದೆ. ಇಥಿಯೋಪಿಯಾದಲ್ಲಿ ನಡೆದ ಶೋಧನೆಯಲ್ಲಿ, ಒಂದೇ ಹುಲ್ಲುಗಾವಲಿನಲ್ಲಿ ಮೇಯ್ದ ದನಗಳಲ್ಲಿ ಸೀಮೆಹಸುಗಳಿಗಿಂತ ಹಿಣಿಲುಳ್ಳ ನಾಟಿ ದನಗಳು ರೋಗವನ್ನು ಚೆನ್ನಾಗಿ ತಡೆದುಕೊಂಡುದು ಕಂಡಿತು. ನಮ್ಮ ಹಳ್ಳಿಕಾರ್, ಅಮೃತಮಹಲ್ ದನಗಳೂ ಆ ಹಿಣಿಲಿನ ಕುಲದವೇ.

ಹಾಗಾದರೆ ವಂಶದಲ್ಲಿ ಇಳಿದು ಬರುವುದು ಯಾವುದು? ರೋಗವಲ್ಲ, ಕ್ರಿಮಿಯೂ ಅಲ್ಲ. ಕಾವಲಿನ ವ್ಯವಸ್ಥೆ. ಹಿಂದಿನ ಹಳ್ಳಿಯ ಏರ್ಪಾಡನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಶ್ವಾಸಕೋಶದ ಕೊನೆಯ ಗೂಡುಗಳಲ್ಲಿ ಭಕ್ಷಕ ಕಣಗಳೆಂಬ ದೊಡ್ಡ ಬಿಳಿಯ ಕಣಗಳು ತಿರುಗುತ್ತಿರುತ್ತವೆ. ಇವರೇ ತಳವಾರರು. ಹೊರಗಿನಿಂದ ಬಂದ ಕ್ರಿಮಿಯನ್ನು ಹಿಡಿದು ನುಂಗುವುದು ಇವರ ಕೆಲಸ. ಇತರ ಕ್ರಿಮಿಗಳಾದರೆ ನುಂಗಿದೊಡನೆ ಕಥೆ ಮುಗಿಯಿತು. ಕ್ಷಯದ ಕ್ರಿಮಿ ಮೇಣದಂಥ ಹೊದಿಕೆಯ ಗಟ್ಟಿಪಿಂಡ. ತಳವಾರನ ಹೊಟ್ಟೆಯೊಳಗೇ ಬಿಡಾರ ಹೂಡುತ್ತದೆ. ಆಗ ತಳವಾರನು ಎರಡು ಕೆಲಸ ಮಾಡಬೇಕು. ಕಳ್ಳನ ಬಟ್ಟೆಯ ಒಂದು ಚೂರನ್ನು ಕೋಲಿಗೆ ಸಿಕ್ಕಿಸಿ ಎಲ್ಲರಿಗೂ ಕಾಣುವಂತೆ ಎತ್ತಿಹಿಡಿಯಬೇಕು. ಜೊತೆಗೆ ಡಂಗುರ ಸಾರಬೇಕು. ಆ ಕೋಲಿನ ಹೆಸರು ಎಚ್.ಎಲ್.ಎ., ಡಂಗುರದ ಹೆಸರು ಇಂಟರ್‌ಲ್ಯೂಕಿನ್ 12. ಡಂಗುರ ಕೇಳಿ, ಚೂರು ನೋಡಿ, ಕಳ್ಳನ ಗುರುತು ಹಿಡಿದ ಟಿ ಕಣಗಳೆಂಬ ಊರಿನ ಗಟ್ಟಿಗರು ಓಡಿಬರುತ್ತಾರೆ. ಅವರು ಇಂಟರ್‌ಫೆರಾನ್ ಗಾಮಾ ಎಂಬ ರಸವನ್ನು ಸುರಿಸುತ್ತಾರೆ. ಆ ರಸ ತಗುಲಿದೊಡನೆ ಸುಸ್ತಾಗಿದ್ದ ತಳವಾರನಿಗೆ ಕೆಚ್ಚು ಬಂದು ಒಳಗಿನ ಕ್ರಿಮಿಯನ್ನು ಅರೆದುಹಾಕುತ್ತಾನೆ. ಸಂಪೂರ್ಣ ಕೊಲ್ಲಲಾಗದಿದ್ದರೆ ಎಲ್ಲರೂ ಸುತ್ತ ಕೋಟೆ ಕಟ್ಟಿ ಅದನ್ನು ಸೆರೆಯಿಡುತ್ತಾರೆ. ಎದೆಯ ಚಿತ್ರದಲ್ಲಿ ಕೆಲವರಿಗೆ ಸುಣ್ಣದ ಚುಕ್ಕೆಯಂತೆ ಕಾಣುವುದು ಇಂಥ ಹಳೆಯ ಕೋಟೆಯೇ.

ಈ ಕಾವಲಿನ ಪ್ರತಿಯೊಂದು ಅಂಗಕ್ಕೂ ಒಂದೊಂದು ವಂಶವಾಹಿಯ ಬರಹವುಂಟು. ಬರಹವನ್ನು ನಾವು ಎರಡೆರಡು ಪ್ರತಿಗಳಲ್ಲಿ ಪಡೆಯುತ್ತೇವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ತೆಂಗಿನ ತೋಟದವರಿಗೆ ಈ ವಿಚಾರ ಹೊಸದಲ್ಲ. ಬೀಜದ ಕಾಯಿಗಾಗಿ ಒಳ್ಳೆಯ ತಾಯಿಮರವನ್ನು ಹುಡುಕಿ ಗುರುತು ಹಾಕುತ್ತಾರೆ. ಆದರೆ ಎತ್ತರದ ತಳಿಯ ತೆಂಗಿನಲ್ಲಿ ಪರಾಗ ಬರುವುದು ಯಾವ ಮರದಿಂದಲೋ, ಗಾಳಿಗೂ ಜೇನಿಗೂ ಗೊತ್ತು! ಆದಕಾರಣ ಒಂದೇ ತಾಯಿಮರದ ಸಸಿಗಳು ಒಂದರಂತೆ ಒಂದಿರುವುದಿಲ್ಲ. ಕಪ್ಪುತಲೆ ಹುಳು ಬಿದ್ದ ವರ್ಷ, ಮಳೆ ಕೈಕೊಟ್ಟ ವರ್ಷ, ಒಂದೇ ಸಾಲಿನಲ್ಲಿ ಒಂದು ಮರದ ಗರಿ ಸುಟ್ಟಂತಾಗಿ ಪಕ್ಕದ ಮರ ಹಸಿರಾಗಿಯೇ ನಿಂತಿರುತ್ತದೆ. ಮನುಷ್ಯರ ಮಕ್ಕಳೂ ಅಷ್ಟೆ. ಅಣ್ಣನಿಗೆ ಬಂದ ಬರಹದ ಜೋಡಿ ತಂಗಿಗೆ ಬಂದಿರಲೇಬೇಕೆಂಬ ನಿಯಮವಿಲ್ಲ. ಬೇಲೂರಿನ ಬೀಗರಿಗೆ ಇದನ್ನು ಮೊದಲು ತಿಳಿಸಬೇಕು.

ಬರಹದಲ್ಲಿ ಅಕ್ಷರ ವ್ಯತ್ಯಾಸಗಳಿರುವುದು ಸಹಜ. ಬಹುಮಟ್ಟಿಗೆ ಅವು ನಿರಪಾಯ. ಕೆಲವು ಮಾತ್ರ ಕಾವಲನ್ನು ಸ್ವಲ್ಪ ಸಡಿಲಗೊಳಿಸುತ್ತವೆ. ಕೆನಡಾದ ಮಾಂಟ್ರಿಯಲ್ ನಗರದ ವಿಜ್ಞಾನಿಗಳು 1993ರಲ್ಲಿ ಇಲಿಗಳಲ್ಲಿ ಎನ್‌ರ್‍ಯಾಂಪ್ ಎಂಬ ಒಂದು ವಂಶವಾಹಿಯನ್ನು ಕಂಡುಹಿಡಿದರು. ತಳವಾರನ ಹೊಟ್ಟೆಯಲ್ಲಿ ಸಿಕ್ಕಿಬಿದ್ದ ಕ್ರಿಮಿಗೆ ಕಬ್ಬಿಣ, ಮ್ಯಾಂಗನೀಸುಗಳು ಸಿಗದಂತೆ ಹೊರಕ್ಕೆ ಎತ್ತಿಹಾಕುವ ಏತ ಇದು. ಕಳ್ಳನನ್ನು ಉಪವಾಸ ಕೆಡಹುವ ಉಪಾಯ. ಇದೇ ವಂಶವಾಹಿಯ ಮಾನವ ರೂಪವನ್ನು ಆಫ್ರಿಕದ ಗ್ಯಾಂಬಿಯಾದಲ್ಲಿ ಎಂಟುನೂರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದರು. ಅದರ ಎರಡು ವ್ಯತ್ಯಾಸಗಳನ್ನು ಒಟ್ಟಿಗೆ ಹೊತ್ತವರಲ್ಲಿ ಕ್ಷಯದ ಸಂಭವ ಸುಮಾರು ನಾಲ್ಕುಪಟ್ಟು ಕಂಡಿತು. ಪತ್ರಿಕೆಗಳು ಕುಣಿದಾಡಿದುವು. ಆದರೆ ಇತರ ದೇಶಗಳಲ್ಲಿ ನೋಡಿದಾಗ ಒಂದು ಕಡೆ ಹೌದೆಂದರೆ ಇನ್ನೊಂದು ಕಡೆ ಅಲ್ಲವೆಂದಿತು. ಅಷ್ಟೇಕೆ, ಇಲಿಯಲ್ಲಿಯೇ ಆ ವಂಶವಾಹಿ ಲಸಿಕೆಯ ಸಾಧು ಕ್ರಿಮಿಯನ್ನು ತಡೆಯಿತೇ ಹೊರತು ನಿಜವಾದ ಕ್ಷಯಕ್ರಿಮಿಯ ಮುಂದೆ ಅದರ ಆಟ ಅಷ್ಟಾಗಿ ನಡೆಯಲಿಲ್ಲ. ವಿಜ್ಞಾನದ ಹಾದಿ ಹೀಗೆ ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ. ಇದರಿಂದ ಯಾರೂ ನಾಚಬೇಕಾಗಿಲ್ಲ.

ನಮ್ಮ ನೆರೆಯ ಚೆನ್ನೈಯ ಕ್ಷಯ ಸಂಶೋಧನ ಕೇಂದ್ರದವರು ಎಚ್.ಎಲ್.ಎ.ಯ ಮೇಲೆ ಕೆಲಸ ಮಾಡಿದರು. ಚೂರನ್ನು ಎತ್ತಿಹಿಡಿಯುವ ಆ ಕೋಲು ಒಬ್ಬೊಬ್ಬರಲ್ಲಿ ಒಂದೊಂದು ಆಕಾರದ್ದು. ಒಂದು ಆಕಾರಕ್ಕೆ ಕ್ರಿಮಿಯ ಒಂದು ಚೂರು ಚೆನ್ನಾಗಿ ಕೂತರೆ ಇನ್ನೊಂದಕ್ಕೆ ಜಾರುತ್ತದೆ. ಡಿ.ಆರ್. 2 ಎಂಬ ಬಗೆಯ ಕೋಲುಳ್ಳವರು ದಕ್ಷಿಣ ಭಾರತದ ಕ್ಷಯರೋಗಿಗಳಲ್ಲಿ ಆರೋಗ್ಯವಂತರಲ್ಲಿಗಿಂತ ಹೆಚ್ಚಾಗಿದ್ದಾರೆಂದು 1990ರ ದಶಕದ ಆರಂಭದಲ್ಲಿ ಅವರು ತಿಳಿಸಿದರು. ಉತ್ತರ ಭಾರತದ ಕುಟುಂಬಗಳಲ್ಲಿಯೂ ಅಂಥದೇ ಸೂಚನೆ ಹಿಂದೆ ಕಂಡಿತ್ತು. ಆದರೆ ಡಿ.ಆರ್. 2 ನಮ್ಮ ಜನರಲ್ಲಿ ಬಹು ಸಾಮಾನ್ಯ. ಅದನ್ನು ಹೊತ್ತವರಲ್ಲಿ ಹೆಚ್ಚಿನವರು ಕ್ಷಯವನ್ನೇ ಕಾಣದೆ ಮುದುಕರಾಗುತ್ತಾರೆ. ಮದುವೆಯ ಜಾತಕದಲ್ಲಿ ಬರೆಯತಕ್ಕ ಸಂಗತಿ ಇದಲ್ಲ.

ಕಾವಲು ಬಿಗಿಯಾದಷ್ಟೂ ಒಳ್ಳೆಯದೆಂದು ತಿಳಿಯುವುದೂ ತಪ್ಪು. ಬರೋಡದಲ್ಲಿ ವೈದ್ಯಶಾಸ್ತ್ರ ಓದಿ ಪರದೇಶದಲ್ಲಿ ನೆಲಸಿರುವ ಲಲಿತಾ ರಾಮಕೃಷ್ಣನ್ ಅವರು (ನೊಬೆಲ್ ಪಾರಿತೋಷಿಕ ಪಡೆದ ವೆಂಕಟರಾಮನ್ ರಾಮಕೃಷ್ಣನ್ ಇವರ ಅಣ್ಣ) ಈ ಪಾಠವನ್ನು ಕಲಿತದ್ದು ಮೀನಿನಿಂದ. ಭಾರತದ ಹಳ್ಳತೊರೆಗಳಲ್ಲಿ, ಗದ್ದೆಯ ನೀರಿನಲ್ಲಿ ಓಡಾಡುವ ನೀಲಿ ಪಟ್ಟೆಯ ಪುಟ್ಟ ಮೀನು ಅದು. ಅದರ ಮರಿಯ ಮೈ ಗಾಜಿನಷ್ಟು ಪಾರದರ್ಶಕ. ಒಳಗೆ ತಳವಾರನು ಕ್ರಿಮಿಯನ್ನು ಹಿಡಿಯುವುದನ್ನು ಕಣ್ಣಾರೆ ಕಾಣಬಹುದು. ಉರಿಯೂತವನ್ನು ಹದವಿಡುವ ಒಂದು ವಂಶವಾಹಿಯಲ್ಲಿ ವ್ಯತ್ಯಾಸವಾದರೆ, ಉರಿ ಕಡಮೆಯಾದ ಮೀನೂ ಸಾಯುತ್ತದೆ, ಉರಿ ಅತಿಯಾದ ಮೀನೂ ಸಾಯುತ್ತದೆ ಎಂದು 2010ರ ಸುಮಾರಿಗೆ ಅವರ ತಂಡ ತೋರಿಸಿತು. ಕಳ್ಳನನ್ನು ಹಿಡಿಯಲು ಊರಿಗೇ ಬೆಂಕಿಯಿಟ್ಟಂತೆ! ಮೆದುಳಿನ ಪೊರೆಯ ಕ್ಷಯ ಬಂದ ವಿಯಟ್ನಾಂ ರೋಗಿಗಳಲ್ಲಿಯೂ ಇಂಥದೇ ಗುರುತು ಕಂಡಿತು, ಇಂಡೊನೇಷ್ಯದವರಲ್ಲಿ ಕಾಣಲಿಲ್ಲ. ಮತ್ತೆ ಅದೇ ಹಿಂದೆ ಮುಂದೆ.

ಇಷ್ಟು ಹೊತ್ತು ಹೇಳಿದುದೆಲ್ಲ ಸಣ್ಣಪುಟ್ಟ ಸಡಿಲಿಕೆಗಳ ಮಾತು. ತೀರ ಅಪರೂಪವಾಗಿ ಕಾವಲಿನ ಒಂದು ಅಂಗವೇ ಇಲ್ಲದೆ ಹುಟ್ಟುವ ಮಕ್ಕಳುಂಟು. ಮಾಲ್ಟಾ ದ್ವೀಪದ ಒಂದೇ ಹಳ್ಳಿಯ ಕೆಲವು ಮಕ್ಕಳು, ಸಾಧಾರಣರಿಗೆ ಏನೂ ಮಾಡದ ಮಣ್ಣುನೀರಿನ ಕ್ರಿಮಿಗಳಿಂದ ನರಳಿ ಕೃಶರಾಗುತ್ತಿದ್ದರು. ಇಂಟರ್‌ಫೆರಾನ್ ಗಾಮಾ ರಸವನ್ನು ಬರಮಾಡಿಕೊಳ್ಳುವ ಬಾಗಿಲೇ ಅವರ ಕಣಗಳಲ್ಲಿಲ್ಲವೆಂದು 1996ರಲ್ಲಿ ತಿಳಿಯಿತು. ಡಂಗುರ ಕೇಳುವ ಕಿವಿಯಿಲ್ಲದ ಮಕ್ಕಳೂ ಉಂಟೆಂದು 1998ರಲ್ಲಿ ಗೊತ್ತಾಯಿತು. ಕಿವಿಯಿಲ್ಲದ ಈ ಎರಡನೆಯ ಬಗೆಯವರಿಗೆ ಆ ರಸವನ್ನು ಔಷಧಿಯಾಗಿ ಕೊಟ್ಟು ಉಪಚರಿಸಬಹುದು. ತಂದೆಯದೂ ತಾಯಿಯದೂ ಎರಡು ಪ್ರತಿಗಳೂ ಕೆಟ್ಟಿದ್ದರೆ ಮಾತ್ರ ಸಾಮಾನ್ಯವಾಗಿ ಈ ಕೊರತೆ ತಲೆದೋರುತ್ತದೆ. ತಂದೆತಾಯಿಗಳು ಹತ್ತಿರದ ಬಂಧುಗಳಾಗಿದ್ದಲ್ಲಿ ಅಂಥ ಎರಡು ಪ್ರತಿಗಳು ಕೂಡಿಬರುವ ಸಂಭವ ಹೆಚ್ಚು. ಇಲ್ಲಿ ನಮ್ಮ ಸೀಮೆಯವರು ಸ್ವಲ್ಪ ಕಿವಿಗೊಡಬೇಕು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ವಾಡಿಕೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ದೊಡ್ಡ ಸಮೀಕ್ಷೆ ನಡೆದಾಗ ಮೂರು ಮದುವೆಗಳಲ್ಲಿ ಹೆಚ್ಚುಕಡಮೆ ಒಂದು ರಕ್ತಸಂಬಂಧದಲ್ಲಿಯೇ ಆದದ್ದೆಂದು ಕಂಡಿತು. ಬಿ.ಸಿ.ಜಿ. ಚುಚ್ಚಿದ ಮೇಲೆ ಮಗುವಿಗೆ ಚುಚ್ಚಿದೆಡೆಯ ಹುಣ್ಣು ಹಬ್ಬಿ, ಗಂಟುಗಳು ಕೀವುಗಟ್ಟಿ, ಜ್ವರ ಬಿಡದಿದ್ದರೆ ತಂದೆತಾಯಿಗಳು ನಾಟಿ ಮದ್ದಿನಲ್ಲಿ ಕಾಲ ಕಳೆಯದೆ ದೊಡ್ಡ ಆಸ್ಪತ್ರೆಯ ಮಕ್ಕಳ ವೈದ್ಯರ ಬಳಿಗೆ ಒಯ್ಯತಕ್ಕದ್ದು. ಮನೆಯಲ್ಲಿ ಬಳಕೆಯ ಮದುವೆಯಾಗಿದ್ದರೆ ಅದನ್ನೂ ಮರೆಮಾಚದೆ ಹೇಳತಕ್ಕದ್ದು. ಚುಚ್ಚಿದೆಡೆ ಒಂದು ಸಣ್ಣ ಕಲೆ ಉಳಿಯುವುದು ಹೆಚ್ಚಿನವರಿಗೆ ಆಗುವ ಸಂಗತಿ, ಅದಕ್ಕೆ ಗಾಬರಿ ಬೇಡ.

ತಮಾಷೆಯ ಸಂಗತಿಯೊಂದನ್ನು ಇಲ್ಲಿ ಸೇರಿಸದೆ ಮುಂದೆ ಹೋಗಲಾರೆ. ಟಿ.ವೈ.ಕೆ. 2 ಎಂಬ ವಂಶವಾಹಿಯ ಒಂದು ವ್ಯತ್ಯಾಸವನ್ನು ಎರಡು ಪ್ರತಿಗಳಲ್ಲೂ ಹೊತ್ತವರು ಕ್ಷಯಕ್ಕೆ ಬೇಗ ಬಾಗುತ್ತಾರೆಂದು 2018ರಲ್ಲಿ ತಿಳಿಯಿತು. ಯೂರೋಪಿನವರಲ್ಲಿ ಸುಮಾರು 600 ಜನರಿಗೊಬ್ಬರು ಇಂಥವರು. ಹಳೆಯ ಗೋರಿಗಳ ಮೂಳೆಗಳಿಂದ ವಂಶವಾಹಿಗಳನ್ನು ತೆಗೆದು ನೋಡಿದ ವಿಜ್ಞಾನಿಗಳು, ಕಳೆದ ಎರಡು ಸಾವಿರ ವರ್ಷಗಳಲ್ಲಿ ಈ ವ್ಯತ್ಯಾಸ ಅಲ್ಲಿ ಬಹಳವಾಗಿ ಕುಗ್ಗಿಹೋಯಿತೆಂದು 2021ರಲ್ಲಿ ಪ್ರಕಟಿಸಿದರು. ಅದನ್ನು ಹೊತ್ತವರು ಮಕ್ಕಳಾಗುವ ಮೊದಲೇ ಕ್ಷಯದಿಂದ ಸತ್ತುದೇ ಇದಕ್ಕೆ ಕಾರಣವೆಂದು ಅವರ ಊಹೆ. ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸುವ ಹೊತ್ತಿಗೆ ಯೂರೋಪಿನಲ್ಲಿ ಈ ಜರಡಿ ಸಾವಿರ ವರ್ಷದಿಂದ ಆಡುತ್ತಿತ್ತು!

ಬೇಲೂರಿನ ಮಾತು ಬಂದುದರಿಂದ ಆ ಕಲ್ಲಿನ ವಿಚಾರವನ್ನೂ ಹೇಳಬಹುದು. ಬೇಲೂರು ಹಳೇಬೀಡುಗಳ ಬಳಪದ ಕಲ್ಲು ಅಗೆದಾಗ ಮೆತ್ತಗೆ, ಉಳಿ ಹೇಳಿದಂತೆ ಕೇಳುತ್ತದೆ. ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಕಲ್ಲಿನ ಗುಣ ಹುಟ್ಟಿನದು, ಗಟ್ಟಿತನ ಅದು ಬಾಳಿದ ಬಗೆಯದು. ಮೈಯ ಕಾವಲಿನ ವಿಷಯದಲ್ಲೂ ಹುಟ್ಟಿಗಿಂತ ಬಾಳಿನ ತೂಕವೇ ಹೆಚ್ಚು. ಹೊಟ್ಟೆಗಿಲ್ಲದಿರುವುದು, ಸಕ್ಕರೆ ಕಾಯಿಲೆ, ಬೀಡಿ, ಕುಡಿತ, ಎಚ್.ಐ.ವಿ. ಸೋಂಕು, ಒಲೆಯ ಹೊಗೆ, ಕಲ್ಲು ಒಡೆಯುವವರ ಎದೆಗಿಳಿಯುವ ಧೂಳು, ಇವುಗಳಲ್ಲಿ ಒಂದೊಂದೂ ಮೇಲೆ ಹೇಳಿದ ಸಾಮಾನ್ಯ ವಂಶವಾಹಿಯ ವ್ಯತ್ಯಾಸಗಳನ್ನು ಮೀರಿಸುವ ಶತ್ರು. ಲಂಡನ್ನಿನಲ್ಲಿ ನೆಲಸಿದ ಗುಜರಾತಿಗಳನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ ಇವೆರಡರ ಕೂಡಾಟವೇ ಕಂಡಿತು. ಡಿ ಜೀವಸತ್ವದ ಕೊರತೆಯಿದ್ದವರಲ್ಲಿ ಕ್ಷಯ ಹೆಚ್ಚು. ಅದರೊಡನೆ ಆ ಜೀವಸತ್ವವನ್ನು ಹಿಡಿಯುವ ವಂಶವಾಹಿಯ ಒಂದು ಬಗೆಯೂ ಸೇರಿದ್ದವರಲ್ಲಿ ಇನ್ನಷ್ಟು ಹೆಚ್ಚು. ಬಿಸಿಲು ಕಾಣದ ಊರಿಗೆ ಹೋದಾಗ ತಾನೆ ಆ ಬರಹದ ದೋಷ ಬಯಲಾಯಿತು.

ಅನ್ನದ ಬಲ ಎಷ್ಟೆಂಬುದಕ್ಕೆ ನಮ್ಮವರದೇ ಆದ ಒಂದು ದೊಡ್ಡ ಸಾಕ್ಷ್ಯವಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಝಾರ್ಖಂಡದಲ್ಲಿ 2,800 ಕ್ಷಯರೋಗಿಗಳ ಮನೆಗಳನ್ನು ಆರಿಸಿಕೊಂಡರು. ರೋಗಿಗಳಿಗೆ ಎಲ್ಲೆಡೆಯೂ ಆಹಾರ ಕೊಟ್ಟರು. ಅರ್ಧದಷ್ಟು ಮನೆಗಳಲ್ಲಿ ಮಾತ್ರ ಉಳಿದ ಮನೆಮಂದಿಗೂ ತಲೆಗೆ ತಿಂಗಳಿಗೆ 5 ಕಿಲೊ ಅಕ್ಕಿ, 1.5 ಕಿಲೊ ತೊಗರಿಬೇಳೆ, ಜೀವಸತ್ವದ ಮಾತ್ರೆ ಕೊಟ್ಟರು. ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ಲೆಕ್ಕ 2023ರಲ್ಲಿ ಹೊರಬಂತು. ಅಕ್ಕಿಬೇಳೆ ಮುಟ್ಟಿದ ಮನೆಗಳವರಲ್ಲಿ ಹೊಸದಾಗಿ ಕ್ಷಯ ಬಂದುದು ನೂರಕ್ಕೆ 39ರಷ್ಟು ಕಡಮೆ. ಹರಡುವ ಬಗೆಯ ಶ್ವಾಸಕೋಶದ ಕ್ಷಯ 48ರಷ್ಟು ಕಡಮೆ. ಯಾರ ವಂಶವಾಹಿಯನ್ನೂ ಯಾರೂ ತಿದ್ದಲಿಲ್ಲ. ಕಂಡುಹಿಡಿದ ಯಾವ ವಂಶವಾಹಿಯ ಸುದ್ದಿಗಿಂತಲೂ ಈ ತೊಗರಿಬೇಳೆಯ ಸುದ್ದಿ ನನಗೆ ದೊಡ್ಡದಾಗಿ ತೋರುತ್ತದೆ. ಚಿಕಿತ್ಸೆಯಲ್ಲಿರುವ ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಗಿದೆ. ಹಕ್ಕಿನ ಹಣವಿದು, ಕೇಳಿ ಪಡೆಯಲು ಸಂಕೋಚಪಡಬಾರದು.

ಗಾಡಿ ಹಾಸನವನ್ನು ಸಮೀಪಿಸುವ ಹೊತ್ತಿಗೆ ಯಜಮಾನರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, “ಹಂಗಾದ್ರೆ ಬೀಗರಿಗೆ ಏನಂತ ಹೇಳ್ಲಿ ಸ್ವಾಮಿ?” ಎಂದರು. ಮಗನ ಚಿಕಿತ್ಸೆಯ ಚೀಟಿಯನ್ನು ತಂದಿದ್ದೀರಾ ಎಂದು ಕೇಳಿದೆ. ತಂದಿದ್ದರು. ಪ್ಲಾಸ್ಟಿಕ್ ಕಾಗದದಲ್ಲಿ ಸುತ್ತಿ ಒಳಜೇಬಿನಲ್ಲಿಟ್ಟಿದ್ದರು. ಆರು ತಿಂಗಳೂ ಒಂದು ದಿನ ತಪ್ಪದೆ ಮಾತ್ರೆ ತೆಗೆದುಕೊಂಡ ಗುರುತು, ಕೊನೆಯಲ್ಲಿ ಕಫದಲ್ಲಿ ಕ್ರಿಮಿಯಿಲ್ಲವೆಂಬ ಬರಹ ಅದರಲ್ಲಿತ್ತು. ಅದನ್ನು ತೋರಿಸಿ ಎಂದೆ. ಮದರಾಸಿನಲ್ಲಿ 1956ರಿಂದ ನಡೆದ ಪರೀಕ್ಷೆಯಲ್ಲಿ, ಮನೆಯಲ್ಲಿಯೇ ಇದ್ದು ಔಷಧಿ ತೆಗೆದುಕೊಂಡ ರೋಗಿಗಳ ಮನೆಯವರಿಗೆ, ಆಸ್ಪತ್ರೆಯಲ್ಲಿದ್ದವರ ಮನೆಯವರಿಗಿಂತ ಹೆಚ್ಚಾಗಿ ರೋಗ ಅಂಟಲಿಲ್ಲವೆಂಬುದನ್ನೂ ಹೇಳಿದೆ. ಮದ್ದು ಹೊಟ್ಟೆಗಿಳಿದ ಮೇಲೆ ರೋಗಿ ಬಹುಬೇಗ ನಿರಪಾಯಿಯಾಗುತ್ತಾನೆ. ಅಪಾಯವೆಲ್ಲ ಅದಕ್ಕೆ ಮುಂಚಿನ, ಯಾರಿಗೂ ಹೇಳದೆ ಕೆಮ್ಮುವ ವಾರಗಳದು.

“ಹುಡುಗಿಯನ್ನು ಪರೀಕ್ಷೆ ಮಾಡಿಸಿದ್ದೀರಾ?”

ಅವರು ತುಸು ತಡೆದರು. “ಇಲ್ಲ. ಮಾಡಿಸಿದ್ರೆ ಊರಿನೋರು ಏನಂದಾರು ಅಂತ ಸುಮ್ಕಿದ್ವಿ.”

ರೋಗಿಯೊಡನೆ ಬಾಳಿದ ಮನೆಮಂದಿಯೆಲ್ಲರನ್ನೂ ಪರೀಕ್ಷಿಸುವುದು, ರೋಗವಿಲ್ಲದಿದ್ದರೂ ವೈದ್ಯರು ಬೇಕೆಂದರೆ ತಡೆಮಾತ್ರೆ ಕೊಡುವುದು ಈಗ ಸರ್ಕಾರಿ ಆಸ್ಪತ್ರೆಗಳ ಪದ್ಧತಿಯೇ ಆಗಿದೆಯೆಂದೂ, ಅದಕ್ಕೆ ಕಾಸು ಕೊಡಬೇಕಾಗಿಲ್ಲವೆಂದೂ ತಿಳಿಸಿದೆ. ಹುಡುಗಿಯೊಬ್ಬಳಿಗೇ ಅಲ್ಲ, ನಿಮಗೂ ಮನೆಯಮ್ಮನಿಗೂ ಆಗಬೇಕು ಎಂದೆ. ಗಾಡಿ ನಿಂತಿತು. ಅವರು ಇಳಿದು ಫಲಕದ ಕೆಳಗೆ ಒಂದು ಗಳಿಗೆ ನಿಂತರು. ಬೇಲೂರಿನ ಬಸ್ಸು ಬೇಗ ಸಿಕ್ಕೀತೆ, ಇಲ್ಲ ಮೊದಲು ಊರಿಗೆ ಹಿಂತಿರುಗಿ ಮಗಳನ್ನು ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿಬಂದು ಎರಡು ಚೀಟಿಗಳನ್ನೂ ಒಟ್ಟಿಗೇ ಒಯ್ಯುವುದೆ ಎಂದು ಯೋಚಿಸುತ್ತಿದ್ದರೆಂದು ತೋರುತ್ತದೆ. ಎಳನೀರಿನಲ್ಲಿ ಒಂದನ್ನು ಕಿಟಕಿಯೊಳಗಿನಿಂದ ನನ್ನ ಕೈಗೆ ಕೊಟ್ಟು, ಅರಸೀಕೆರೆಗೆ ಮರಳುವ ಗಾಡಿ ಎಷ್ಟು ಹೊತ್ತಿಗೆಂದು ಪಕ್ಕದವರನ್ನು ವಿಚಾರಿಸತೊಡಗಿದರು.